ರೋಗಿಯ ಡೈರಿಯನ್ನು ಬೇರೆ ಯಾರೋ ಬರೆದಿದ್ದಾರೆ. ಯಾರಿಗೆ ಹೇಳಲಿ?

ನಿಗಡಿ_ಧಾರವಾಡ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಆರು ವರ್ಷದಿಂದ ಪುಣೆಯಲ್ಲಿದ್ದೇನೆ. ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಕೆಲಸ. ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡುವಾಗ ಅವರ ಕಾಗದಪತ್ರ, ಭೇಟಿಯ ದಿನ, ರಕ್ತದ ಮಾದರಿ, ಗುಳಿಗೆ ಲೆಕ್ಕ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಕೊಡುವುದು ಒಂದು ಕಂಪನಿ (ಟ್ರಯಲ್ ಮಾಡಿಸುವ ಕಂಪನಿ ಬೇರೆ), ಕೂರುವುದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಎರಡರ ಹೆಸರೂ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ಟ್ರಯಲ್ ಸೇರಿದ ಪ್ರತಿಯೊಬ್ಬರಿಗೂ ಒಂದು ಡೈರಿ ಕೊಡುತ್ತೇವೆ. ಗುಳಿಗೆ ಎಷ್ಟು ಹೊತ್ತಿಗೆ ತಗೊಂಡ್ರಿ, ತಲೆಸುತ್ತು ಬಂತಾ, ವಾಂತಿ ಆಯ್ತಾ ಅಂತ ದಿನಾ ಅವರೇ ಬರೆಯಬೇಕು. ಬರೆಯಲು ಬಾರದಿದ್ದರೆ ಮನೆಯವರು ಬರೆದುಕೊಡುತ್ತಾರೆ. ಹೋದ ತಿಂಗಳು ಹನ್ನೊಂದು ಡೈರಿಗಳನ್ನು ಒಟ್ಟಿಗೆ ಟೇಬಲ್ ಮೇಲೆ ಹರಡಿಕೊಂಡು ನೋಡುತ್ತಿದ್ದೆ. ಏಳರಲ್ಲಿ ಒಂದೇ ಕೈಬರಹ. ಒಂದೇ ನೀಲಿ ಜೆಲ್ ಪೆನ್ನು. ಮೂರು ತಿಂಗಳು ಮನೆಯಲ್ಲಿದ್ದ ಪುಸ್ತಕ ಅಂತೆ, ಒಂದು ಪುಟದ ಮೂಲೆಯೂ ಮಡಚಿಲ್ಲ. ನಿಜವಾದ ಡೈರಿ ಹೇಗಿರುತ್ತೆ ಅಂತ ನನಗೆ ಗೊತ್ತು. ಅರಿಶಿನದ ಬೆರಳಚ್ಚು ಇರುತ್ತೆ, ಮಗು ಗೀಚಿದ ಗೆರೆ ಇರುತ್ತೆ, ನಡುವೆ ನಾಲ್ಕು ದಿನ ಖಾಲಿ ಇರುತ್ತೆ.

ಆ ಏಳರಲ್ಲಿ ಒಬ್ಬರು ಯಾದಗಿರಿ ಕಡೆಯವರು. ಕಟ್ಟಡದ ಕೆಲಸ, ಪತ್ರಾಶೆಡ್‌ನಲ್ಲಿ ವಾಸ. ಹೋದ ವಾರ ಬಂದಾಗ ಕನ್ನಡದಲ್ಲಿ ಮಾತಾಡಿಸಿದೆ. "ಡೈರಿ ಎಲ್ಲಿ ಇಟ್ಕೊಂಡಿದ್ರಿ ಕಾಕಾ?" ಅಂದೆ. "ಯಾವ ಡೈರಿ ಅವ್ವಾ? ನನಗ ಪುಸ್ತಕ ಕೊಟ್ಟೇ ಇಲ್ಲ. ಗುಳಿಗಿ ಕೊಟ್ಟಾರ, ಬಂದು ಹೋಗಾಕ ರೊಕ್ಕ ಕೊಡ್ತಾರ" ಅಂದರು. ಆಮೇಲೆ ಅವರೇ ಹೇಳಿದರು, "ನಡುವ ಎರಡು ದಿನ ತಲಿ ತಿರುಗಿ ಬಿದ್ದು ಬ್ಯಾರೆ ದವಾಖಾನ್ಯಾಗ ಇದ್ದೆ, ಸಲಾಯಿನ್ ಹಚ್ಚಿದ್ರು." ಡೈರಿಯಲ್ಲಿ ಆ ಎರಡು ದಿನವೂ "ತೊಂದರೆ ಇಲ್ಲ" ಅಂತ ಬರೆದಿದೆ. ಒಪ್ಪಿಗೆ ಪತ್ರ ಮರಾಠಿಯಲ್ಲಿದೆ. ಅವರಿಗೆ ಮರಾಠಿ ಅಷ್ಟಕ್ಕಷ್ಟೇ, ಓದು ಬರಹ ಮೊದಲೇ ಇಲ್ಲ. ಹೆಬ್ಬೆಟ್ಟು ಇದೆ, ಸಾಕ್ಷಿಯ ಸಹಿಯೂ ಇದೆ. ಆದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ ಅಂತಾರೆ.

ಮೇಲಿನವರಿಗೆ ಹೇಳಿದೆ. ಟ್ರಯಲ್ ನಡೆಯುವ ಜಾಗಕ್ಕೆ ನಾವು ಸೈಟ್ ಅನ್ನುತ್ತೇವೆ. "ಸೈಟ್ ಬಂದ್ ಆದರೆ ನಿನ್ನ ಕೆಲಸವೂ ಹೋಗುತ್ತೆ, ಗೊತ್ತಲ್ವಾ" ಅಂದರು. ಅಷ್ಟೇ. ಅಮ್ಮ ಫೋನಿನಲ್ಲಿ, ನಮಗ್ಯಾಕವ್ವಾ ಊರ ಉಸಾಬರಿ ಅಂತಾಳೆ. ಮನೆ ಸಾಲ ಇನ್ನೂ ಹದಿನಾಲ್ಕು ವರ್ಷ ಇದೆ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ನೋಡಿದ್ದೀರಾ? ಯಾರಿಗೆ, ಹೇಗೆ ಹೇಳಬೇಕು?

ಬಾಣೇರ್_ಹುಡುಗ

ಮೊದಲು ಎಲ್ಲದರ ಫೋಟೊ ತೆಗೆದು ಮನೆಗೆ ತಂದಿಟ್ಟುಕೊಳ್ಳಿ ಅಕ್ಕಾ. ನಾಳೆ ಡೈರಿಗಳೇ ಮಾಯ ಆಗ್ತವೆ.

ಚಿಂಚವಡ_ಮೇಷ್ಟ್ರು

ದಯವಿಟ್ಟು ಹಾಗೆ ಮಾಡಬೇಡಿ. ನಾನು ನಿವೃತ್ತ ಶಿಕ್ಷಕ. ಬೇರೊಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಟ್ರಯಲ್‌ಗೆ ಒಪ್ಪಿಗೆ ಕೊಟ್ಟು ರೋಗಿಗಳ ಹಿತ ಕಾಯುವ ಸಮಿತಿಯಲ್ಲಿ, ನಾಲ್ಕು ವರ್ಷದಿಂದ ಸಾಮಾನ್ಯ ಜನರ ಪ್ರತಿನಿಧಿಯಾಗಿ ಇದ್ದೇನೆ. ಡಾಕ್ಟರಲ್ಲದ ಒಬ್ಬರು ಇರಲೇಬೇಕು ಅಂತ ನಿಯಮ ಇದೆ, ಹಾಗೆ ಸೇರಿದವನು.

ರೋಗಿಯ ಹೆಸರಿರುವ ಕಾಗದದ ಫೋಟೊ ನಿಮ್ಮ ಸ್ವಂತ ಮೊಬೈಲಿಗೆ ಹೋದ ಕೂಡಲೇ ಮಾತು ಅದರ ಮೇಲೇ ತಿರುಗುತ್ತದೆ. ರೋಗಿಯ ಗುಟ್ಟು ಹೊರಗೆ ಹಾಕಿದಳು ಅಂತ ನಿಮಗೇ ನೋಟಿಸ್ ಬರುತ್ತದೆ. ಅದರ ಬದಲು ಒಂದು ನೋಟ್‌ಬುಕ್ ತಗೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಂಬರಿನ ರೋಗಿಯ ಡೈರಿಯಲ್ಲಿ ಏನು ಕಂಡಿರಿ ಎಂದು ಬರೆಯಿರಿ. ಹೆಸರು ಬೇಡ, ಟ್ರಯಲ್ ನಂಬರ್ ಸಾಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಅವೆರಡನ್ನೂ ಕಲಸಬೇಡಿ.

ಇನ್ನು ನಿಯಮ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ವಿವರಿಸುವಾಗ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಅಲ್ಲೇ ಇರಬೇಕು. ರೋಗಿ ಆಸ್ಪತ್ರೆ ಸೇರಿದರೆ ಅದು ಗಂಭೀರ ಘಟನೆ. ಘಟನೆ ನಡೆದ 24 ಗಂಟೆಯೊಳಗೆ ಡಾಕ್ಟರು ಮೂರು ಕಡೆ ತಿಳಿಸಬೇಕು. ದೆಹಲಿಯ ಔಷಧಿ ಮಹಾನಿಯಂತ್ರಕರಿಗೆ, ಟ್ರಯಲ್ ಮಾಡಿಸುವ ಕಂಪನಿಗೆ, ಎಥಿಕ್ಸ್ ಕಮಿಟಿಗೆ. ನೀವು ಹೇಳಿದ ಆ ಎರಡು ದಿನ ಡೈರಿಗಿಂತ ದೊಡ್ಡ ವಿಷಯ.

ನಿಗಡಿ_ಧಾರವಾಡ

ಮೇಷ್ಟ್ರೇ, ಅದೇ ನನ್ನ ನಿದ್ದೆ ಕೆಡಿಸಿದ್ದು. ಆ ಕಾಕಾ ಇವತ್ತೂ ಅದೇ ಗುಳಿಗೆ ನುಂಗ್ತಿದ್ದಾರೆ.

ವೆರ್ನಾ_ಕೆಮಿಸ್ಟ್

ಗೋವಾದಿಂದ. ಹದಿನೇಳು ವರ್ಷ ಔಷಧಿ ಕಂಪನಿಗಳ ಲ್ಯಾಬ್‌ನಲ್ಲೇ ಕಳೆದಿದ್ದೇನೆ. ನಿಮ್ಮ ಡೈರಿಯ ಕಥೆ ನಮ್ಮಲ್ಲಿ ಎಚ್‌ಪಿಎಲ್‌ಸಿ ಯಂತ್ರದ ಕಥೆ. ಔಷಧಿಯಲ್ಲಿ ಏನು ಎಷ್ಟಿದೆ ಅಂತ ಅಳೆಯುವ ಯಂತ್ರ ಅದು. ಒಂದು ಬ್ಯಾಚಿನ ಮಾದರಿ ಹಾಕುತ್ತಾರೆ, ಫೇಲ್ ಆಗುತ್ತೆ. ಅದನ್ನು "ಟ್ರಯಲ್ ಇಂಜೆಕ್ಷನ್" ಅಂತ ಬೇರೆ ಫೋಲ್ಡರಿಗೆ ತಳ್ಳುತ್ತಾರೆ. ಮತ್ತೆ ಹಾಕುತ್ತಾರೆ, ಪಾಸಾಗುವವರೆಗೂ ಹಾಕುತ್ತಾರೆ. ಪಾಸಾದ ಗ್ರಾಫ್ ಮಾತ್ರ ಪ್ರಿಂಟ್ ಆಗುತ್ತೆ. ಯಾರು ಯಾವಾಗ ಏನು ಮಾಡಿದರು ಅಂತ ಯಂತ್ರವೇ ಬರೆದಿಡುವ ಆಡಿಟ್ ಟ್ರೇಲ್ ಚಾಲೂ ಇಟ್ಟಿದ್ದರೆ ಎಲ್ಲ ಅಲ್ಲೇ ಸಿಗುತ್ತೆ, ಅದಕ್ಕೇ ಅದನ್ನು ಆಫ್ ಮಾಡಿಡುತ್ತಿದ್ದರು. ಹಿಂದೆ ಕೆಲಸ ಮಾಡಿದ ಒಂದು ಕಡೆ ನಾನಿದನ್ನು ಕಣ್ಣಾರೆ ಕಂಡಿದ್ದೇನೆ.

ಔಷಧಿ ಕಂಪನಿ ರಾನ್‌ಬ್ಯಾಕ್ಸಿ ನೆನಪಿದೆಯಲ್ವಾ? ಅಲ್ಲಿದ್ದ ದಿನೇಶ್ ಠಾಕೂರ್ 2005ರಲ್ಲಿ ಕೆಲಸ ಬಿಟ್ಟು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಒಳಗಿನ ಮೋಸ ತಿಳಿಸಿದರು. 2013ರಲ್ಲಿ ಕಂಪನಿ ತಪ್ಪು ಒಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಅವರಿಗೆ ಅದರಲ್ಲಿ ಸುಮಾರು 4.8 ಕೋಟಿ ಡಾಲರ್ ಸಿಕ್ಕಿತು. ಅಂದರೆ ಧೈರ್ಯ ಮಾಡಿದವರಿಗೆ ದಾರಿ ಇದೆ.

ಡೊಂಬಿವಲಿ_ವಕೀಲ

ಆ ದಾರಿ ಅಮೆರಿಕದಲ್ಲಿ. ಸರ್ಕಾರಕ್ಕೆ ಮೋಸ ಆದದ್ದನ್ನು ತಿಳಿಸಿದವರಿಗೆ ವಸೂಲಾದ ಹಣದಲ್ಲಿ ಪಾಲು ಕೊಡುವ ಕಾನೂನು ಅಲ್ಲಿದೆ. ಇಲ್ಲಿ ಖಾಸಗಿ ಆಸ್ಪತ್ರೆಯ ವಿಷಯದಲ್ಲಿ ಅಂಥದ್ದಿಲ್ಲ. ಮತ್ತೆ ಆ ಎಂಟು ವರ್ಷ ಅವರ ಮನೆಯವರು ಹೇಗೆ ಕಳೆದಿರಬಹುದು ಅಂತಲೂ ಯೋಚಿಸಿ.

ನಮ್ಮಲ್ಲಿ ಇರುವುದು 2009ರ ಒಂದು ಬಹುಮಾನ ಯೋಜನೆ. ನಕಲಿ ಔಷಧಿ ಬಗ್ಗೆ ಸುಳಿವು ಕೊಟ್ಟವರಿಗೆ ಹಿಡಿದ ಮಾಲಿನ ಬೆಲೆಯ 20 ಶೇಕಡಾವರೆಗೆ, ಜಾಸ್ತಿ ಅಂದರೆ 25 ಲಕ್ಷ ರೂಪಾಯಿ. ಸುಳ್ಳು ಡೈರಿಗೆ ಅದು ಅನ್ವಯ ಆಗುವುದಿಲ್ಲ.

ಬಾಣೇರ್_ಹುಡುಗ

2014ರಲ್ಲಿ ವಿಸಲ್ ಬ್ಲೋವರ್, ಅಂದರೆ ಒಳಗಿನ ತಪ್ಪನ್ನು ಹೊರಗೆ ಹೇಳುವವರ ಕಾನೂನು ಬಂತಲ್ಲ ಸರ್? ಅದು ರಕ್ಷಣೆ ಕೊಡಲ್ವಾ?

ಡೊಂಬಿವಲಿ_ವಕೀಲ

ಸಂಸತ್ತು ಪಾಸು ಮಾಡಿತು, ರಾಷ್ಟ್ರಪತಿಗಳ ಸಹಿಯೂ ಬಿತ್ತು. ಜಾರಿಗೆ ತರುವ ಅಧಿಸೂಚನೆಯನ್ನೇ ಸರ್ಕಾರ ಹೊರಡಿಸಲಿಲ್ಲ. ಜಾರಿಯಾಗಿದ್ದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ಬಗ್ಗೆ ದೂರು ಕೊಡುವವರಿಗೆ. ಖಾಸಗಿ ಆಸ್ಪತ್ರೆಯವರಿಗೆ ಅಲ್ಲ.

ಒಂದು ಮಾತ್ರ ನೋಡಿ. ಟ್ರಯಲ್ ಮಾಡಿಸುವ ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ, 2013ರ ಕಂಪನಿ ಕಾಯಿದೆಯ 177ನೇ ಕಲಂ ಪ್ರಕಾರ ದೂರು ಕೇಳುವ ವ್ಯವಸ್ಥೆ ಇಡಲೇಬೇಕು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಲೂಬೇಕು. ನೀವು ಅವರ ನೌಕರರಲ್ಲ. ಆದರೂ ಕಂಪನಿಯ ವೆಬ್‌ಸೈಟಿನಲ್ಲಿ ಆ ನೀತಿ ಇರುತ್ತದೆ, ಹೊರಗಿನವರು ದೂರು ಕೊಡಬಹುದಾ ನೋಡಿ.

ಪಾಷಾಣ್_ಪಿಎಚ್‌ಡಿ

ನಮ್ಮಂಥ ಕೇಂದ್ರ ಸರ್ಕಾರದ ಲ್ಯಾಬ್‌ಗಳಲ್ಲಿ ಇರುವವರಿಗೆ 2004ರ ಒಂದು ಆದೇಶ ಇದೆ. ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದು. ಹೆಸರು ಹಾಕಲೇಬೇಕು, ಆದರೆ ಅವರು ಅದನ್ನು ಗುಟ್ಟಾಗಿ ಇಡುತ್ತಾರೆ. ಸತ್ಯೇಂದ್ರ ದುಬೆ ಅವರ ಕೊಲೆಯಾದ ಮೇಲೆ ಬಂದ ಆದೇಶ ಅದು. ಹೆದ್ದಾರಿ ಕೆಲಸದ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಿದ್ದರು, ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಹೆಸರು ಹೊರಗೆ ಬಂತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಗುಂಡು ಹಾಕಿದರು.

ಸಯನ್_ಶೆಟ್ಟಿ

ನಮ್ಮ ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಅವರನ್ನೂ ಮರೆಯಬೇಡಿ. ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಕಲಬೆರಕೆ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದರು. 2005ರಲ್ಲಿ ಲಖೀಂಪುರ ಖೇರಿಯಲ್ಲಿ ಕೊಂದರು. ಇಪ್ಪತ್ತೇಳು ವರ್ಷ. ನಾನು ಹೆದರಿಸುತ್ತಿಲ್ಲ ತಂಗೀ, ಆದರೆ ಒಬ್ಬಳೇ ಮುಂದೆ ಹೋಗಬೇಡ.

ಠಾಣೆ_ಡಾಕ್ಟರ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂವತ್ತು ವರ್ಷ ಪ್ರಾಕ್ಟೀಸ್. ಎಲ್ಲ ತಪ್ಪೂ ಮೋಸ ಅಲ್ಲ. ಹಾಳಾದ ಡೈರಿಯನ್ನು ಯಾರೋ ಅಂದವಾಗಿ ನಕಲು ಮಾಡಿರಬಹುದು. ಅದೂ ತಪ್ಪೇ, ಆದರೆ ಸುಳ್ಳು ಡೇಟಾ ಅಲ್ಲ. ಆ ರೋಗಿಗೆ ಪುಸ್ತಕ ಕೊಟ್ಟದ್ದು ಮರೆತೂ ಹೋಗಿರಬಹುದು.

ನನ್ನ ಗೆಳೆಯನೊಬ್ಬನ ಮೇಲೆ ಒಂದು ಅನಾಮಧೇಯ ಪತ್ರ ಬಂತು. ಕಟ್ ಪ್ರಾಕ್ಟೀಸ್ ಮಾಡುತ್ತಾನೆ, ಅಂದರೆ ರೋಗಿಗಳನ್ನು ಬೇರೆ ಕಡೆ ಕಳಿಸಿ ಕಮಿಷನ್ ತಿನ್ನುತ್ತಾನೆ ಅಂತ. ಎರಡು ವರ್ಷ ವಿಚಾರಣೆ ನಡೆದು ಕೊನೆಗೆ ಏನೂ ಸಿಗಲಿಲ್ಲ. ಬರೆದದ್ದು ಪಕ್ಕದ ಕ್ಲಿನಿಕ್‌ನವನು. ಅಷ್ಟರಲ್ಲಿ ಗೆಳೆಯನಿಗೆ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಬಂದಿತ್ತು, ಮಗಳ ಮದುವೆ ಮಾತು ಮುರಿದಿತ್ತು. ದೂರು ಕೊಡುವುದು ಸುಲಭ. ಕೊಟ್ಟಮೇಲೆ ಹಿಂದಕ್ಕೆ ತಗೊಳ್ಳಲು ಆಗುವುದಿಲ್ಲ.

ನಿಗಡಿ_ಧಾರವಾಡ

ಡಾಕ್ಟ್ರೇ, ನಕಲು ಮಾಡಿದ್ದರೆ ಹಳೆಯ ಡೈರಿ ಫೈಲಿನಲ್ಲಿ ಇರಬೇಕಿತ್ತು. ಇಲ್ಲ. ಬಿಪಿ ಪುಟ ನೋಡಿ ಹೇಳ್ತೀನಿ. ಏಳು ಜನರಿಗೆ ಮೂರು ತಿಂಗಳಲ್ಲಿ ಬಂದದ್ದು ಬರೀ 120/80, 130/80, 130/90. ಡಿಜಿಟಲ್ ಯಂತ್ರದಲ್ಲಿ ಅಳೆದದ್ದು ಅಂತ ಬರೆದಿದೆ. ಡಿಜಿಟಲ್ ಯಂತ್ರ 127 ತೋರಿಸುತ್ತೆ, 134 ತೋರಿಸುತ್ತೆ. ಯಾವಾಗಲೂ ಸೊನ್ನೆಗೆ ನಿಲ್ಲಲ್ಲ. ದೂರು ಕೊಡುವುದು ಸುಲಭ ಅಂದಿರಿ. ನಾಲ್ಕು ವಾರದಿಂದ ನನಗೆ ಊಟ ಸೇರುತ್ತಿಲ್ಲ.

ಠಾಣೆ_ಡಾಕ್ಟರ್

ಕ್ಷಮಿಸಿ. ಬಿಪಿ ವಿಷಯ ಮೊದಲೇ ಹೇಳಿದ್ದರೆ ನಾನು ಹಾಗೆ ಬರೆಯುತ್ತಿರಲಿಲ್ಲ. ಅದು ಅಳೆದದ್ದಲ್ಲ.

ಮಾಟುಂಗಾ_ಸಿಸ್ಟರ್

ಮಗಳೇ, ನಾನು ಮುಂಬಯಿಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು, ಈಗ ಎಪ್ಪತ್ತರ ಹತ್ತಿರ. 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕೊಟ್ಟ 14 ರೋಗಿಗಳು ಕಿಡ್ನಿ ಕೆಟ್ಟು ತೀರಿಕೊಂಡರು. ಮೆದುಳಿನ ಒತ್ತಡ, ಕಣ್ಣಿನ ಒತ್ತಡ ಇಳಿಸಲು ಕುಡಿಸುತ್ತಿದ್ದ ಔಷಧಿ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಇತ್ತು, ಕಾರ್ಖಾನೆಗೆ ಬಳಸುವ ಮಾಲು. ನಾನಾಗ ಬೇರೆ ಆಸ್ಪತ್ರೆಯಲ್ಲಿದ್ದೆ. ಸುದ್ದಿ ಬಂದ ಸಂಜೆ ಮೇಟ್ರನ್ ನಮ್ಮ ವಾರ್ಡಿನ ಬಾಟಲಿಗಳನ್ನೆಲ್ಲ ಒಂದು ಕಬ್ಬಿಣದ ಕಪಾಟಿಗೆ ಹಾಕಿ ಬೀಗ ಹಾಕಿಸಿದರು. ಅವರ ಕೈ ನಡುಗುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಆಮೇಲೆ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತು. ಟೆಂಡರ್ ಹೇಗೆ ಪಾಸಾಯಿತು, ಪರೀಕ್ಷೆ ಮಾಡಬೇಕಾದವರು ಏನು ಮಾಡುತ್ತಿದ್ದರು ಎಲ್ಲ ಹೊರಬಂತು. ಆರೋಗ್ಯ ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಇನ್ನೊಂದು ಮಾತು ಹೇಳಬೇಕು. ಅರವತ್ತು ರೋಗಿಗಳಿಗೆ ರಾತ್ರಿ ಇಬ್ಬರು ನರ್ಸ್. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಬರೆಯಬೇಕು. ಆಗದೆ ಇದ್ದ ರಾತ್ರಿಗಳಲ್ಲಿ ಬೆಳಗಿನ ಜಾವ ಕೂತು ಎಲ್ಲರ ಚಾರ್ಟನ್ನೂ ಅಂದಾಜಿನಲ್ಲಿ ತುಂಬಿದ್ದೇವೆ. ನಾನೂ ತುಂಬಿದ್ದೇನೆ. ಇಷ್ಟು ವರ್ಷಕ್ಕೆ ಮೊದಲ ಸಲ ಹೇಳುತ್ತಿದ್ದೇನೆ. ಅದಕ್ಕೇ ಕೇಳುತ್ತೇನೆ, ಆ ಡೈರಿಗಳನ್ನು ಬರೆದ ಕೈ ಯಾರದು ಅಂತ ನಿನಗೆ ಗೊತ್ತಾ?

ನಿಗಡಿ_ಧಾರವಾಡ · ಮಂಗಳವಾರ ರಾತ್ರಿ 11:15

ಗೊತ್ತು ಅಮ್ಮಾ. ಮೊದಲ ದಿನವೇ ಗೊತ್ತಾಯಿತು. ಅದನ್ನು ಬರೆಯಲು ಮನಸ್ಸಾಗಲಿಲ್ಲ.

ನನ್ನ ಕೈಕೆಳಗೆ ಒಬ್ಬ ಹುಡುಗಿ ಇದ್ದಾಳೆ. ಇಪ್ಪತ್ತೆರಡು ವರ್ಷ, ಸಾತಾರಾ ಕಡೆಯವಳು, ಮೊದಲ ಕೆಲಸ. ನನ್ನನ್ನು "ತಾಈ" ಅಂತಾಳೆ, ಡಬ್ಬಿಯಲ್ಲಿ ನನಗೂ ಒಂದು ಭಾಕರಿ ಜಾಸ್ತಿ ತರ್ತಾಳೆ. ದಿನಾ ರೆಫ್ರಿಜರೇಟರ್ ತಾಪಮಾನ ಬರೆಯುವವಳು ಅವಳೇ. ಎಂಟು ಬರೆಯುವಾಗ ಕೆಳಗಿನ ಬಾಲ ಎಳೆಯುವ ರೀತಿ ಅವಳದೇ. ನಾನು ರಜೆಯಲ್ಲಿದ್ದ ವಾರ ಅವಳನ್ನು ಎರಡು ರಾತ್ರಿ ಉಳಿಸಿಕೊಂಡು ಬರೆಸಿದ್ದಾರೆ ಅಂತ ನನ್ನ ಅಂದಾಜು. ದೂರು ಕೊಟ್ಟರೆ ಮೊದಲು ಹೋಗುವುದು ಅವಳು. ದೊಡ್ಡವರು "ನಮಗೆ ಗೊತ್ತಿರಲಿಲ್ಲ, ಹೊಸ ಹುಡುಗಿ ಹೀಗೆ ಮಾಡಿದಳು" ಅಂತ ಕೈ ತೊಳೆದುಕೊಳ್ಳುತ್ತಾರೆ.

ಕೊತ್ರೂಡ್_ಗೃಹಿಣಿ

ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ಹುಡುಗಿ ಜೊತೆ ಮೊದಲು ಮಾತಾಡಿ.

ಬಾಣೇರ್_ಹುಡುಗ

ಮಾತಾಡಿದರೆ ಅವಳು ಹೆದರಿ ಹೋಗಿ ಮೇಲಿನವರಿಗೆ ಹೇಳಿಬಿಡ್ತಾಳೆ. ಸೀದಾ ದೂರು ಕೊಡಿ.

ಮಾಟುಂಗಾ_ಸಿಸ್ಟರ್

ಹೇಳಿದರೆ ಹೇಳಲಿ. ಭಾಕರಿ ಹಂಚಿಕೊಂಡು ತಿಂದವಳಿಗೆ ಹಿಂದಿನಿಂದ ಏಟು ಕೊಡಬೇಡ.

ಪಾಷಾಣ್_ಪಿಎಚ್‌ಡಿ

ಕೆಳಗಿನವರ ತಲೆಗೆ ಕಟ್ಟುವುದು ವಿಜ್ಞಾನದಲ್ಲೂ ನಡೆಯುತ್ತೆ. ಪ್ರಕಟವಾದ ಪ್ರಬಂಧವನ್ನು ತಪ್ಪಿದೆ ಅಂತ ಹಿಂದಕ್ಕೆ ತಗೊಂಡರೆ "ವಿದ್ಯಾರ್ಥಿ ಮಾಡಿದ ತಪ್ಪು" ಅನ್ನುವುದು ಸಿದ್ಧ ಉತ್ತರ. ಪ್ರಶಸ್ತಿ ಬಂದಾಗ ಮಾತ್ರ ವಿದ್ಯಾರ್ಥಿಯ ಹೆಸರು ನೆನಪಾಗಲ್ಲ.

ನಾನು ಹಿಂದೆ ಇದ್ದ ಒಂದು ಲ್ಯಾಬ್‌ನಲ್ಲಿ ಹಿರಿಯರೊಬ್ಬರ ಚಿತ್ರ ನೋಡುತ್ತಿದ್ದೆ. ಪ್ರೋಟೀನಿನ ಕಪ್ಪು ಪಟ್ಟಿಗಳ ಚಿತ್ರ. ಮೂರನೇ ಪಟ್ಟಿಯ ಎಡಗಡೆ ಎಳ್ಳಿನ ಕಾಳಿನಷ್ಟು ಒಂದು ಚುಕ್ಕೆ. ಎರಡು ಪುಟ ಮುಂದೆ, ಬೇರೆ ಪ್ರಯೋಗ ಅಂತ ಹೇಳಿದ ಚಿತ್ರದಲ್ಲಿ ಅದೇ ಚುಕ್ಕೆ ಬಲಗಡೆ. ತಲೆಕೆಳಗು ಮಾಡಿ ಅಂಟಿಸಿದ್ದರು. ಗೈಡ್‌ಗೆ ತೋರಿಸಿದೆ. ಅವರು ಏನೂ ಬೈಯಲಿಲ್ಲ. ನನ್ನ ಫೆಲೋಶಿಪ್ ಮುಂದುವರಿಸುವ ಪತ್ರಕ್ಕೆ ನಾಲ್ಕು ತಿಂಗಳು ಸಹಿ ಹಾಕಲಿಲ್ಲ ಅಷ್ಟೇ. ಲ್ಯಾಬ್ ಬದಲಿಸಿದೆ, ಮೂರು ವರ್ಷದ ಕೆಲಸ ಅಲ್ಲೇ ಬಿಟ್ಟೆ.

ಇದು ಅಪರೂಪ ಅಂದುಕೊಳ್ಳಬೇಡಿ. ಎಲಿಜಬೆತ್ ಬಿಕ್ ಅನ್ನುವವರು ಮತ್ತು ಅವರ ಜೊತೆಗಾರರು 20,621 ಪ್ರಬಂಧಗಳ ಚಿತ್ರಗಳನ್ನು ಕಣ್ಣಿನಿಂದಲೇ ನೋಡಿ 2016ರಲ್ಲಿ ಬರೆದರು. 3.8 ಶೇಕಡಾ ಪ್ರಬಂಧಗಳಲ್ಲಿ ಇಂಥ ದೋಷ ಸಿಕ್ಕಿತು. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಿಂದ ಬಂದ ಒಂದು ಪ್ರಬಂಧ 2021ರಲ್ಲಿ ಹಿಂದಕ್ಕೆ ಹೋಯಿತಲ್ಲ, ಅದಕ್ಕೂ ಮೊದಲು ಪ್ರಬಂಧಗಳ ಬಗ್ಗೆ ಚರ್ಚಿಸುವ ಪಬ್‌ಪೀರ್ ಜಾಲತಾಣದಲ್ಲಿ ಹೆಸರಿಲ್ಲದವರೇ ಪ್ರಶ್ನೆ ಎತ್ತಿದ್ದರು. ಠಾಣೆ ಡಾಕ್ಟರಿಗೆ ಅನಾಮಧೇಯ ಅಂದರೆ ಬೇಸರ. ಆದರೆ ಚಿತ್ರ ಎಲ್ಲರ ಕಣ್ಣ ಮುಂದೆ ಇರುವಾಗ ತೋರಿಸಿದವರು ಯಾರಾದರೇನು?

ಠಾಣೆ_ಡಾಕ್ಟರ್

ಚಿತ್ರಕ್ಕೆ ಸರಿ. ಆರೋಪಕ್ಕೆ ಅಲ್ಲ. ಚಿತ್ರವನ್ನು ನಾನೇ ನೋಡಿ ತೀರ್ಮಾನ ಮಾಡಬಹುದು, ಲಂಚ ತಗೊಂಡ ಅನ್ನುವುದನ್ನು ನೋಡಲು ಆಗುವುದಿಲ್ಲ.

ಹೆಸರು ಹಾಕಿ ಮಾತಾಡಿದ ನಮ್ಮವರೂ ಇದ್ದಾರೆ ಅನ್ನುವುದನ್ನು ಹೇಳಬೇಕು. ಪುಣೆಯವರೇ ಆದ ಡಾ. ಅರುಣ್ ಗದ್ರೆ ಮತ್ತು ಡಾ. ಅಭಯ್ ಶುಕ್ಲಾ 78 ವೈದ್ಯರನ್ನು ಮಾತಾಡಿಸಿದರು. ಬೇಡದ ಪರೀಕ್ಷೆ, ಬೇಡದ ಆಪರೇಷನ್, ಕಾರ್ಪೊರೇಟ್ ಆಸ್ಪತ್ರೆಗಳ ಟಾರ್ಗೆಟ್ ಎಲ್ಲ ವೈದ್ಯರ ಬಾಯಿಂದಲೇ ಹೊರಗೆ ತಂದರು. ಮುಂಬಯಿಯಲ್ಲಿ ವೈದ್ಯರೇ ಸೇರಿ 1993ರಲ್ಲಿ ಶುರುಮಾಡಿದ ವೈದ್ಯಕೀಯ ನೀತಿಯ ಪತ್ರಿಕೆ ಇವತ್ತಿಗೂ ಬರುತ್ತಿದೆ. ನನ್ನ ವೃತ್ತಿಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿಲ್ಲ.

ಬಾಂಬೋಲಿಂ_ಅರಿವಳಿಕೆ

ಗೋವಾದಲ್ಲಿ ಅರಿವಳಿಕೆ ವೈದ್ಯ. ಎಲ್ಲರೂ ಒಟ್ಟಾಗಿ ಹೇಳಿದರೆ ಏನಾಗುತ್ತೆ ಅನ್ನುವುದಕ್ಕೆ 2021ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಕೋವಿಡ್ ಎರಡನೇ ಅಲೆ. ಗೋವಾ ಮೆಡಿಕಲ್ ಕಾಲೇಜಿನಲ್ಲಿ ನಡುರಾತ್ರಿ ಕಳೆದ ಮೇಲೆ ಆಮ್ಲಜನಕದ ಒತ್ತಡ ಇಳಿಯುತ್ತಿತ್ತು, ಬೆಳಗಾಗುವಷ್ಟರಲ್ಲಿ ಸಾವು. ಇಲ್ಲಿನ ಕಿರಿಯ ವೈದ್ಯರ ಸಂಘ ಅದನ್ನು ಹೇಳಿತು. ಸಂಘ ಹೇಳಿದ್ದಕ್ಕೆ ಒಬ್ಬೊಬ್ಬರನ್ನು ಹಿಡಿದು ಬಾಯಿ ಮುಚ್ಚಿಸಲು ಆಗಲಿಲ್ಲ. ವಿಷಯ ಹೈಕೋರ್ಟ್‌ಗೆ ಹೋಯಿತು.

ಒಬ್ಬರೇ ಹೇಳಿದವರ ಪಾಡು ಬೇರೆ. ಆಂಧ್ರದ ನರಸೀಪಟ್ಟಣದ ಡಾ. ಸುಧಾಕರ್ ಕೂಡ ಅರಿವಳಿಕೆ ವೈದ್ಯರು. 2020ರಲ್ಲಿ ಎನ್95 ಮಾಸ್ಕ್ ಕೊಡುತ್ತಿಲ್ಲ ಅಂದದ್ದಕ್ಕೆ ಅಮಾನತು. ವಿಶಾಖಪಟ್ಟಣದ ರಸ್ತೆಯಲ್ಲಿ ಕೈ ಕಟ್ಟಿ ಕೂರಿಸಿದ ವಿಡಿಯೊ ಎಲ್ಲರೂ ನೋಡಿದ್ದೀರಿ. ಮರುವರ್ಷ ತೀರಿಕೊಂಡರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೃದಯದ ಆಪರೇಷನ್ ಆದ ಮಕ್ಕಳು ಜಾಸ್ತಿ ಸಾಯುತ್ತಿದ್ದಾರೆ ಅಂತ ಲೆಕ್ಕ ಹಾಕಿ ತೋರಿಸಿದ ಸ್ಟೀಫನ್ ಬೋಲ್ಸಿನ್ ಕೂಡ ನಮ್ಮ ವಿಭಾಗದವರೇ. ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಅರಿವಳಿಕೆಯವರು ಆಪರೇಷನ್ ಟೇಬಲ್ಲಿನ ತಲೆಯ ಕಡೆ ನಿಂತಿರುತ್ತೇವೆ, ಎಲ್ಲ ಕಾಣುತ್ತೆ. ನಾನು ಕಂಡದ್ದನ್ನೆಲ್ಲ ಹೇಳಿದ್ದೇನೆ ಅಂತ ಹೇಳಲಾರೆ.

ಸಯನ್_ಶೆಟ್ಟಿ

ಒಂದು ಪ್ರಶ್ನೆ. ವಿಸಲ್ ಬ್ಲೋವರ್‌ಗೆ ಕನ್ನಡದಲ್ಲಿ ಏನು ಅನ್ನುತ್ತೀರಿ? ಸೀಟಿ ಊದುವವರು ಅಂದರೆ ಕಂಡಕ್ಟರ್ ನೆನಪಾಗುತ್ತಾರೆ.

ಕೊತ್ರೂಡ್_ಗೃಹಿಣಿ

ಮರಾಠಿ ಪೇಪರಿನಲ್ಲಿ "ಜಾಗಲ್ಯಾ" ಅಂತ ಬರೀತಾರೆ. ರಾತ್ರಿ ಎಚ್ಚರ ಇದ್ದು ಊರು ಕಾಯುವವನು. ನನಗಂತೂ ತುಂಬಾ ಇಷ್ಟ.

ಚಿಂಚವಡ_ಮೇಷ್ಟ್ರು

ನಮ್ಮ ಕಡೆ ತಳವಾರ ಇದ್ದ. ಆದರೆ ತಳವಾರನನ್ನು ಊರೇ ನೇಮಿಸುತ್ತಿತ್ತು, ಇವರನ್ನು ಯಾರೂ ನೇಮಿಸಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಇರುವ ಮಾತೆಲ್ಲ ಬೈಗುಳವೇ. ಚಾಡಿಕೋರ ಅನ್ನುತ್ತೇವೆ, ಉಂಡ ಮನೆಯ ಜಂತೆ ಎಣಿಸಿದ ಅನ್ನುತ್ತೇವೆ. ಶಾಲೆಯಲ್ಲಿ ನಾನೇ ಎಷ್ಟೋ ಹುಡುಗರಿಗೆ "ಚಾಡಿ ಹೇಳಬೇಡ, ಹೋಗಿ ಕೂತ್ಕೋ" ಅಂದಿದ್ದೇನೆ. ಈಗ ನೆನೆದರೆ ಬೇಜಾರಾಗುತ್ತೆ.

ವೆರ್ನಾ_ಕೆಮಿಸ್ಟ್

ಮತ್ತೆ ವಿಷಯಕ್ಕೆ ಬರೋಣ. ಎರಡನೇ ಮಾದರಿ ಬೇರೆ ಕಡೆ ಇರುವುದು ಮುಖ್ಯ. 2024ರಲ್ಲಿ ನಿಮ್ಮ ಪುಣೆಯ ಪೋರ್ಷೆ ಕಾರಿನ ಪ್ರಕರಣ ನೋಡಿ. ರಕ್ತದ ಮಾದರಿ ಬದಲಾಗಿದೆ ಅನ್ನುವ ಆರೋಪ ಹೊರಬಂದದ್ದೇ ಇನ್ನೊಂದು ಮಾದರಿ ಬೇರೆ ಆಸ್ಪತ್ರೆಗೆ ಹೋಗಿದ್ದರಿಂದ. ಕೇಸು ಕೋರ್ಟಿನಲ್ಲಿದೆ, ಅದರ ಬಗ್ಗೆ ಜಾಸ್ತಿ ಮಾತು ಬೇಡ. ಅಕ್ಕಾ, ಆ ಕಾಕಾ ಮಲಗಿದ್ದ ಬೇರೆ ದವಾಖಾನೆಯ ಡಿಸ್ಚಾರ್ಜ್ ಕಾರ್ಡ್ ಅವರ ಹತ್ತಿರ ಇದೆಯಾ? ನಿಮ್ಮ ಆಸ್ಪತ್ರೆಯವರು ಮುಟ್ಟಲಾಗದ ಕಾಗದ ಅದೊಂದೇ.

ಚಿಂಚವಡ_ಮೇಷ್ಟ್ರು

ಒಳ್ಳೆಯ ಮಾತು. ಆ ಕಾರ್ಡ್ ಅವರದೇ ಆಸ್ತಿ, ಅವರೇ ತೋರಿಸಬೇಕು. ನೀವು ಕೇಳಿ ತಗೊಳ್ಳಬೇಡಿ. ಜೋಪಾನವಾಗಿ ಇಟ್ಟುಕೊಳ್ಳಿ ಅಂತ ಮಾತ್ರ ಹೇಳಿ. ಮುಂದಿನ ಗುಳಿಗೆ ತಗೊಳ್ಳುವ ಮೊದಲು ಆ ಎರಡು ದಿನದ ವಿಷಯ ಡಾಕ್ಟರಿಗೆ ತಿಳಿಸಬೇಕು ಅಂತಲೂ ಹೇಳಿ. ಅದು ನಿಮ್ಮ ಕೆಲಸದ ಭಾಗವೇ. ನೀವೂ ಡಾಕ್ಟರಿಗೆ ಈಮೇಲ್‌ನಲ್ಲೇ ತಿಳಿಸಿ, ಬಾಯಿಮಾತು ಬೇಡ. ಯಾವಾಗ ತಿಳಿಸಿದಿರಿ ಅನ್ನುವುದಕ್ಕೆ ಆ ಈಮೇಲೇ ದಾಖಲೆ.

ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ಪತ್ರ ಬರೆಯುವಾಗ "ಇಂಥವಳು ಬರೆದಳು" ಅಂತ ಬರೆಯಬೇಡಿ. "ಏಳು ಡೈರಿಗಳ ಕೈಬರಹ ಒಂದೇ ರೀತಿ ಇದೆ, ಮೂಲ ಡೈರಿಗಳು ಸಿಗಲಿಲ್ಲ, ಇದನ್ನು ಯಾರ ಸೂಚನೆಯ ಮೇಲೆ ಮಾಡಲಾಯಿತು ಎಂದು ವಿಚಾರಿಸಬೇಕು" ಅಂತ ಬರೆಯಿರಿ. ಕಮಿಟಿಯಲ್ಲಿ ಅರ್ಧದಷ್ಟು ಜನ ಆಸ್ಪತ್ರೆಯ ಹೊರಗಿನವರು ಇರಬೇಕು. ಅವರಲ್ಲಿ ಒಬ್ಬರಾದರೂ ನಿಮ್ಮ ಪತ್ರವನ್ನು ಪೂರ್ತಿ ಓದುತ್ತಾರೆ. ನಾನು ಓದುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡೊಂಬಿವಲಿ_ವಕೀಲ

ಪತ್ರ ಕೊಟ್ಟಾಗ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹತ್ತು ದಿನದಲ್ಲಿ ಉತ್ತರ ಇಲ್ಲದಿದ್ದರೆ ಮಹಾನಿಯಂತ್ರಕರಿಗೆ ಪ್ರತಿ ಕಳಿಸಿ. ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ ಜಾಲತಾಣದಲ್ಲಿ ನಿಮ್ಮ ಟ್ರಯಲ್ ಹುಡುಕಿದರೆ ಟ್ರಯಲ್ ಮಾಡಿಸುವ ಕಂಪನಿ, ಎಥಿಕ್ಸ್ ಕಮಿಟಿ ಎಲ್ಲದರ ವಿವರ ಸಿಗುತ್ತದೆ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ.

ನಿಗಡಿ_ಧಾರವಾಡ · ಮೂರು ವಾರದ ನಂತರ, ಸೋಮವಾರ ರಾತ್ರಿ 9:50

ಹುಡುಗಿ ಜೊತೆ ಮಾತಾಡಿದೆ. ಕ್ಯಾಂಟೀನ್ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಡೈರಿ ಅಂದ ಕೂಡಲೇ ಅಳು. "ತಾಈ, ಮಾನಿಟರ್ ಬರ್ತಾರೆ ಬೇಗ ತುಂಬು ಅಂದರು, ಎಲ್ಲ ಸೈಟಿನಲ್ಲೂ ಹೀಗೇ ಅಂದರು" ಅಂತ. ಮಾನಿಟರ್ ಅಂದರೆ ಟ್ರಯಲ್ ದಾಖಲೆ ಪರಿಶೀಲಿಸಲು ಬರುವವರು. ಬರೆಯಲು ಹೇಳಿದ ವಾಟ್ಸಾಪ್ ಮೆಸೇಜ್ ಅವಳ ಫೋನಿನಲ್ಲಿ ಹಾಗೇ ಇದೆ. ಮೂರು ದಿನ ಯೋಚಿಸಿದಳು. ನಾಲ್ಕನೇ ದಿನ ಬೆಳಿಗ್ಗೆ ಬಂದು, ನಾನೂ ಸಹಿ ಹಾಕ್ತೀನಿ ಅಂದಳು.

ಇಬ್ಬರೂ ಸೇರಿ ಪತ್ರ ಕೊಟ್ಟೆವು. ಮೊಹರು ಹಾಕಿಸಿಕೊಂಡೆ. ಎರಡು ದಿನಕ್ಕೆ ನನ್ನ ಕಂಪನಿಯಿಂದ ಫೋನ್ ಬಂತು. ಸದ್ಯಕ್ಕೆ ಸೈಟಿಗೆ ಹೋಗಬೇಡಿ, ಮನೆಯಲ್ಲೇ ಇರಿ ಅಂದರು. ಸಂಬಳದ ಬಗ್ಗೆ ಏನೂ ಹೇಳಲಿಲ್ಲ. ಹುಡುಗಿಗೂ ಅದೇ ಮಾತು. ಕಮಿಟಿಯವರು ಹೊಸ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಿದ್ದಾರೆ. ಕಾಕಾನ ಗುಳಿಗೆಯನ್ನೂ ನಿಲ್ಲಿಸಿ, ಎಲ್ಲ ತಪಾಸಣೆ ಮತ್ತೆ ಮಾಡಿಸಿದ್ದಾರೆ. ಅವರ ಡಿಸ್ಚಾರ್ಜ್ ಕಾರ್ಡ್ ಅನ್ನದ ಡಬ್ಬಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇತ್ತಂತೆ.

ಅಮ್ಮನಿಗೆ ಇನ್ನೂ ಹೇಳಿಲ್ಲ.

ಮಾಟುಂಗಾ_ಸಿಸ್ಟರ್

ಹೇಳು ಮಗಳೇ. ಬೈಯುತ್ತಾಳೆ, ಆಮೇಲೆ ಬಸ್ಸು ಹತ್ತಿ ನಿನ್ನ ಹತ್ತಿರ ಬರುತ್ತಾಳೆ.

ಡೊಂಬಿವಲಿ_ವಕೀಲ

"ಮನೆಯಲ್ಲೇ ಇರಿ" ಅನ್ನುವುದನ್ನು ಈಮೇಲ್‌ನಲ್ಲಿ ಕೊಡಿ ಅಂತ ಇವತ್ತೇ ಕೇಳಿ. ಇಬ್ಬರ ನೇಮಕಾತಿ ಪತ್ರವನ್ನೂ ನನಗೆ ಕಳಿಸಿ, ಖಾಸಗಿ ಸಂದೇಶದಲ್ಲಿ. ಫೀಸಿನ ಮಾತು ಎತ್ತಬೇಡಿ.

ಬಾಣೇರ್_ಹುಡುಗ

ಅಕ್ಕಾ, ಆ ಹುಡುಗಿಗೆ ಕೆಲಸ ಬೇಕಾದರೆ ನಮ್ಮ ಆಫೀಸಿನಲ್ಲಿ ಡೇಟಾ ಟೀಮಿಗೆ ಜನ ಬೇಕು. ನಾಳೆಯೇ ಮಾತಾಡ್ತೀನಿ.

ನಿಗಡಿ_ಧಾರವಾಡ

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ಒಂದು ಕೆಲಸ ಇದೆ. ಟ್ರಯಲ್‌ನಲ್ಲಿರುವ ಕನ್ನಡದ ರೋಗಿಗಳಿಗೆ ಕನ್ನಡದಲ್ಲೇ ಒಪ್ಪಿಗೆ ಪತ್ರ ಕೊಟ್ಟು, ಮತ್ತೆ ವಿವರಿಸಿ ಕೇಳಬೇಕು ಅಂತ ಕಮಿಟಿ ಹೇಳಿದೆ. ಕಂಪನಿಯವರು ಎಲ್ಲೋ ಅನುವಾದ ಮಾಡಿಸಿ ಕಳಿಸಿದ್ದಾರೆ. ಕಾಕಾನ ಕಡೆಯಿಂದ ಒಂದು ಪ್ರತಿ ನನಗೆ ಸಿಕ್ಕಿತು, ಏನು ಬರೆದಿದೆ ಹೇಳವ್ವಾ ಅಂತ ಕಳಿಸಿದ್ದರು. ಮೊದಲ ಸಾಲು "ಈ ಸಂಶೋಧನಾ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸ್ವಯಂಪ್ರೇರಿತವಾಗಿದ್ದು" ಅಂತ ಇದೆ. ನನಗೇ ಎರಡು ಸಲ ಓದಬೇಕಾಯಿತು. ಹೇಗೆ ಬರೆದರೆ ಅವರಿಗೆ ತಿಳಿಯುತ್ತೆ? ಕಮಿಟಿಗೆ ಕಳಿಸೋಣ ಅಂತಿದ್ದೇನೆ.

ಚಿಂಚವಡ_ಮೇಷ್ಟ್ರು

"ಇದಕ್ಕೆ ಸೇರುವುದು ಬಿಡುವುದು ನಿಮ್ಮ ಇಷ್ಟ. ಬೇಡ ಅಂದರೂ ಇಲ್ಲಿ ನಿಮಗೆ ಎಂದಿನಂತೆ ಔಷಧಿ ಕೊಡುತ್ತಾರೆ. ನಡುವೆ ಯಾವಾಗ ಬೇಕಾದರೂ ಬಿಡಬಹುದು." ಇಷ್ಟು ಸಾಕು.

ಬಾಂಬೋಲಿಂ_ಅರಿವಳಿಕೆ

ಪ್ಲಾಸಿಬೊಗೆ "ಔಷಧಿ ಇಲ್ಲದ ಮಾತ್ರೆ, ನೋಡಲು ಮಾತ್ರ ಹಾಗೇ ಇರುತ್ತೆ" ಅಂತ ಬರೆಯಿರಿ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ ಅಂತಲೂ ಬರೆಯಬೇಕು, ಅದನ್ನು ಬಿಡಬೇಡಿ.

ನಿಗಡಿ_ಧಾರವಾಡ

ಮಾತ್ರೆ ಬೇಡ ಸರ್, ಗುಳಿಗೆ ಅಂತ ಹಾಕ್ತೀನಿ. ಯಾದಗಿರಿ ಕಡೆ ಹಾಗೇ ಅನ್ನೋದು.